ಬೇಬಿಮೂನ್ ಪ್ಯಾಕೇಜ್ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯವರು ದಯವಿಟ್ಟು ಓದಿ. ಮನೆಯಲ್ಲಿ ಯಾರಾದರೂ ಬಸುರಿ ಇದ್ದು, ಹೆರಿಗೆಗೆ ಮುಂಚೆ ಒಂದು ಸಲ ಹೊರದೇಶಕ್ಕೆ ಹೋಗಿ ಬರೋಣ ಅಂತ ಯೋಚನೆ ಇದ್ದರೆ ಪೂರ್ತಿ ಓದಿ. ಮಗು ಈಗಷ್ಟೇ ಮಲಗಿದೆ, ಏಳುವುದರೊಳಗೆ ಬರೆದು ಮುಗಿಸಬೇಕು. ಹಿಂದೆ ಮುಂದೆ ಆದರೆ ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ತಿಂಗಳು ನುಂಗಿಕೊಂಡು ಕೂತಿದ್ದೆ. ಮೊನ್ನೆ ಇನ್ನೊಂದು ವಿಷಯ ಗೊತ್ತಾಯಿತು. ಇನ್ನು ಸುಮ್ಮನಿರಲು ಆಗುವುದಿಲ್ಲ.

ನಮ್ಮದು ತೀರ್ಥಹಳ್ಳಿ ಹತ್ತಿರ ಸಣ್ಣ ಅಡಿಕೆ ತೋಟ. ನನ್ನ ಕೆಲಸ ಶಿವಮೊಗ್ಗದಲ್ಲಿ, ಅಲ್ಲೇ ಬಾಡಿಗೆ ಮನೆ. ನಮ್ಮ ಮದುವೆ ಆಗಿದ್ದು 2020ರಲ್ಲಿ, ಲಾಕ್‌ಡೌನ್ ನಡುವೆ. ಹನಿಮೂನ್ ಅಂತ ಎಲ್ಲಿಗೂ ಹೋಗಿರಲಿಲ್ಲ. ಆಮೇಲೆ ಕೊಳೆ ರೋಗ, ಮಾವನ ಆಪರೇಷನ್, ಒಂದಲ್ಲ ಒಂದು. ಕಳೆದ ವರ್ಷ ನಾನು ಬಸುರಿ ಅಂತ ಗೊತ್ತಾದಾಗ ಇವರೇ ಹೇಳಿದರು, ಮಗು ಬಂದ ಮೇಲೆ ಎಲ್ಲಿ ಹೋಗೋಕಾಗುತ್ತೆ, ಈಗಲೇ ಎರಡು ಸಣ್ಣ ಟ್ರಿಪ್ ಮಾಡಿ ಬರೋಣ ಅಂತ. ಅತ್ತೆಗೆ ಇಷ್ಟ ಇರಲಿಲ್ಲ. "ಎಂತಕ್ಕೆ ಬೇಕು ಮಾರಾಯ್ತಿ, ಸುಮ್ನೆ ಸಿಗಂದೂರಿಗೆ ಹೋಗಿ ಕೈ ಮುಗಿದು ಬನ್ನಿ" ಅಂದರು. ಡಾಕ್ಟರ್ ಮಾತ್ರ ಬೇಡ ಅನ್ನಲಿಲ್ಲ. ತೊಂದರೆ ಇಲ್ಲದ ಬಸುರಾದರೆ 14ರಿಂದ 28 ವಾರದೊಳಗೆ ಪ್ರಯಾಣಕ್ಕೆ ಒಳ್ಳೆಯ ಸಮಯ, ಅಷ್ಟರೊಳಗೆ ಮುಗಿಸಿ ಬನ್ನಿ, ವಿಮಾನದಲ್ಲಿ ಆಗಾಗ ಎದ್ದು ಓಡಾಡಿ, ಕೂತಲ್ಲೇ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತೆ ಅಂತ ಹೇಳಿ ಕಳಿಸಿದರು.

ಊರಿನಲ್ಲೇ ಒಬ್ಬ ಟ್ರಾವೆಲ್ಸ್‌ನವನು. ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ. ಪರಿಚಯದವರ ಪರಿಚಯ. ಆಫೀಸಿನಲ್ಲಿ ಕೂರಿಸಿ, ಎಳನೀರು ತರಿಸಿ, "ಮೇಡಂ, ನಿಮ್ಮಂಥವರಿಗೇ ಮಾಡಿರೋದು ಈ ಬೇಬಿಮೂನ್ ಕಾಂಬೊ" ಅಂದ. ಫೆಬ್ರವರಿ ಮೊದಲ ವಾರ ಥೈಲ್ಯಾಂಡಿನ ಫುಕೆಟ್, ನಾಲ್ಕು ರಾತ್ರಿ. ಹತ್ತು ದಿನ ಬಿಟ್ಟು ಶ್ರೀಲಂಕಾ, ಮೂರು ರಾತ್ರಿ. ಎರಡೂ 28 ವಾರದ ಒಳಗೆ. ಇಬ್ಬರಿಗೆ 1,80,000. ಅದರ ಮೇಲೆ ಜಿಎಸ್‌ಟಿ, ಟಿಸಿಎಸ್ (ಏಜೆಂಟ್ ನಮ್ಮಿಂದ ಮೊದಲೇ ಹಿಡಿಯುವ ಆದಾಯ ತೆರಿಗೆ) ಸೇರಿ 1,98,450 ಕಟ್ಟಿದೆವು. ಅಡಿಕೆ ಮಾರಿದ ದುಡ್ಡಿನಲ್ಲಿ ಅರ್ಧ, ನಾನು ಕೂಡಿಟ್ಟಿದ್ದು ಅರ್ಧ. ನಾನು ಕೇಳಿದ್ದು ಮೂರೇ ಪ್ರಶ್ನೆ. ಬಸುರಿಗೆ ಆಗುವಂಥದ್ದೇ ಇಟ್ಟಿದ್ದೀರಾ? "ನೂರಕ್ಕೆ ನೂರು ಮೇಡಂ." ಇನ್ಶೂರೆನ್ಸ್‌ನಲ್ಲಿ ಹೊಟ್ಟೆಯದ್ದು ಸೇರುತ್ತಾ? "ಎಲ್ಲಾ ಕವರ್." ವಿಮಾನದವರಿಗೆ ಡಾಕ್ಟರ್ ಲೆಟರ್ ಬೇಕಾ? "ಅದೆಲ್ಲಾ ನಾವು ನೋಡ್ಕೋತೀವಿ."

ಮೂರಕ್ಕೆ ಮೂರೂ ಸುಳ್ಳು.

ಫುಕೆಟ್‌ಗೆ ಹೋದಾಗ ನನಗೆ 25 ವಾರ. ರಾತ್ರಿ ಟ್ರೈನಲ್ಲಿ ಬೆಂಗಳೂರು, ಅಲ್ಲಿಂದ ದೇವನಹಳ್ಳಿ. ನಮ್ಮ ಸೋಗಾನೆ ಏರ್‌ಪೋರ್ಟಿನಿಂದ ಹೊರದೇಶಕ್ಕೆ ವಿಮಾನ ಇಲ್ಲವಲ್ಲ. ಫುಕೆಟ್‌ನಲ್ಲಿ ಇಳಿದಾಗ ಇಮಿಗ್ರೇಶನ್‌ನವನು ಪಾಸ್‌ಪೋರ್ಟ್ ನೋಡಿ 60 ದಿನದ ಮುದ್ರೆ ಒತ್ತಿ ಕೊಟ್ಟ. ವೀಸಾ ಕೇಳಲಿಲ್ಲ. ಕೇಳುವುದಕ್ಕೆ ವೀಸಾ ಅಂತ ಇರಲೇ ಇಲ್ಲ! 2024ರ ಜುಲೈಯಿಂದ ಭಾರತದವರಿಗೆ 60 ದಿನದವರೆಗೆ ವೀಸಾ ಇಲ್ಲದೇ ಬಿಡುತ್ತಿದ್ದರು. ನಮ್ಮ ಬಿಲ್ಲಿನಲ್ಲಿ "ಥೈಲ್ಯಾಂಡ್ ವೀಸಾ ಮತ್ತು ದಾಖಲೆ" ಅಂತ ತಲೆಗೆ 3,500 ಹಾಕಿದ್ದ. 7,000 ರೂಪಾಯಿ, ಇಲ್ಲದ ವೀಸಾಕ್ಕೆ. ಆಗಲೇ ಎಚ್ಚರ ಆಗಬೇಕಿತ್ತು.

ಹೋಟೆಲ್ ರೂಮಿನ ಬಾಗಿಲು ತೆಗೆದರೆ ಮಂಚದ ತುಂಬ ಹೂವಿನ ಎಸಳು, ಟವೆಲ್‌ನಲ್ಲಿ ಮಾಡಿದ ಎರಡು ಹಂಸ. ಟೇಬಲ್ ಮೇಲೆ ಕೇಕು. ಕೇಕಿನ ಮೇಲೆ ಗುಲಾಬಿ ಬಣ್ಣದಲ್ಲಿ "ಹ್ಯಾಪಿ ಹನಿಮೂನ್". ಜೊತೆಗೊಂದು ವೈನ್ ಬಾಟ್ಲಿ. ನಾನು ಆರು ತಿಂಗಳ ಹೊಟ್ಟೆ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ರೂಮ್ ತೋರಿಸಲು ಬಂದ ಹುಡುಗನಿಗೇ ಮುಜುಗರ ಆಗಿ ಬಾಟ್ಲಿ ವಾಪಸ್ ತಗೊಂಡು ಹೋದ. ಆಮೇಲೆ ವೋಚರ್ ತೆಗೆದು ನೋಡಿದೆ. ಹೋಟೆಲಿಗೆ ಹೋದ ಕಾಗದದಲ್ಲಿ ನಮ್ಮನ್ನು ಹನಿಮೂನ್ ಜೋಡಿ ಅಂತಲೇ ಬರೆದಿದ್ದ. ನಮಗೆ ಕೊಟ್ಟ ಕಾಗದದಲ್ಲಿ ಮಾತ್ರ ಬೇಬಿಮೂನ್. ಅಂದರೆ ಹಳೇ ಹನಿಮೂನ್ ಪ್ಯಾಕೇಜಿನ ಹೆಸರೊಂದು ಬದಲಾಯಿಸಿ, ಮೇಲೆ ದುಡ್ಡು ಜಾಸ್ತಿ ಹಾಕಿ ಮಾರಿದ್ದಾನೆ, ಅಷ್ಟೇ.

ಎರಡನೇ ದಿನ ಫಿ ಫಿ ದ್ವೀಪಕ್ಕೆ ಸ್ಪೀಡ್ ಬೋಟು. ಪ್ಯಾಕೇಜಿನಲ್ಲಿ ಇದಕ್ಕೇ ದುಡ್ಡು ಜಾಸ್ತಿ. ಬೆಳಗ್ಗೆ ಏಳೂವರೆಗೆ ದಕ್ಕೆಗೆ ಕರೆದುಕೊಂಡು ಹೋದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಒಬ್ಬ ಹುಡುಗಿ ಸಾಲಾಗಿ ಎಲ್ಲರಿಗೂ ಲೈಫ್ ಜಾಕೆಟ್ ಹಂಚುತ್ತಾ ಬಂದಳು. ಇವರಿಗೆ ಕೊಟ್ಟಳು. ನನ್ನ ಹತ್ತಿರ ಬಂದವಳು ನಿಂತುಬಿಟ್ಟಳು. ಕೈಯಲ್ಲಿದ್ದ ಜಾಕೆಟ್ ಹಿಂದಕ್ಕೆ ತಗೊಂಡಳು. ತನ್ನ ಹೊಟ್ಟೆಯ ಮುಂದೆ ಎರಡೂ ಕೈ ದುಂಡಗೆ ಹಿಡಿದು, ಬೇಬಿ? ಅಂತ ಕೇಳಿದಳು. ನಾನು ಹೌದು ಅಂದೆ. ನಗುತ್ತಲೇ ಅಂದೆ, ಖುಷಿಯಿಂದ. ಅವಳು ನಗಲಿಲ್ಲ. ನನ್ನ ಬೆನ್ನ ಹಿಂದಿನ ಬೋರ್ಡ್ ತೋರಿಸಿದಳು. ಬಸುರಿ ಹೆಂಗಸಿನ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ. ಅಷ್ಟು ಹೊತ್ತು ನಾನು ಅದೇ ಬೋರ್ಡಿಗೆ ಒರಗಿಕೊಂಡು ಕೂತಿದ್ದೆ.

ಬುಕ್ ಆಗಿದೆ ಅಂತ ವೋಚರ್ ತೋರಿಸಿದೆ. ಮೊಬೈಲ್ ಹಿಡಿದ ಕೈ ನಡುಗುತ್ತಿತ್ತು. ಅವರ ಮ್ಯಾನೇಜರ್ ಹೆಂಗಸು ಬಂದು ತುಂಬಾ ಮೆತ್ತಗೆ ವಿವರಿಸಿದರು. ಸ್ಪೀಡ್ ಬೋಟು ಅಲೆ ಮೇಲೆ ಎತ್ತಿ ಎತ್ತಿ ಬಡಿಯುತ್ತದೆ, ಹೊಟ್ಟೆಗೆ ಪೆಟ್ಟು, ಬಸುರಿಯರನ್ನು ನಾವು ಹತ್ತಿಸುವುದೇ ಇಲ್ಲ ಅಂದರು. ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಅಳು ಬಂತು: ದೊಡ್ಡ ಫೆರ್ರಿ ಇದೆಯಲ್ಲ, ಎರಡು ಗಂಟೆ ಹಿಡಿಯುತ್ತದೆ, ಆದರೆ ಇಷ್ಟು ಕುಲುಕುವುದಿಲ್ಲ, ಅದು ಕಡಿಮೆ ದುಡ್ಡಿಗೂ ಸಿಗುತ್ತದೆ, ನಿಮ್ಮ ಏಜೆಂಟ್ ಯಾಕೆ ಅದನ್ನು ಕೇಳಲಿಲ್ಲ?

ಯಾಕೆ ಕೇಳಲಿಲ್ಲ ಅಂದರೆ ಅವನಿಗೆ ನೆನಪೇ ಇರಲಿಲ್ಲ. ಅಥವಾ ಇತ್ತು, ಬೇಕಾಗಿರಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. ನಮ್ಮೂರಲ್ಲಿ ಬೆಳಗಿನ ಆರು ಗಂಟೆ. ಮೂರನೇ ಸಲಕ್ಕೆ ಎತ್ತಿದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮೇಡಂ ಒಂದು ಕೆಲಸ ಮಾಡಿ. ದುಪ್ಪಟ್ಟಾ ಅಗಲ ಮಾಡಿ ಹೊದ್ಕೊಳ್ಳಿ. ಪಕ್ಕದಲ್ಲಿ ಬೇರೆ ಬೋಟ್‌ನವರು ಇರ್ತಾರೆ, ಅವರ ಹತ್ರ ಹೋಗಿ. ಗೊತ್ತಾಗಲ್ಲ."

ಹೊಟ್ಟೆ ಮುಚ್ಚಿಕೊಂಡು ಹೋಗಿ ಅಂದ. ಬಸುರಿಯರಿಗೇ ಮಾಡಿದ ಪ್ಯಾಕೇಜ್ ಅಂತ ಮಾರಿದವನು, ಬಸುರಿ ಅಂತ ಗೊತ್ತಾಗದ ಹಾಗೆ ಹೋಗಿ ಅಂದ. ಮಗುವಿಗೆ ಏನಾದರೂ ಆಗಿದ್ದರೆ? ನಾನು ಇವತ್ತಿಗೂ ಆ ಮಾತು ನೆನೆದು ರಾತ್ರಿ ಎದ್ದು ಕೂರುತ್ತೇನೆ. ಇವರು ಫೋನ್ ಕಿತ್ತುಕೊಂಡು ಏನೇನು ಬೈದರೋ, ಅದನ್ನು ಇಲ್ಲಿ ಬರೆಯುವುದಕ್ಕೆ ಆಗುವುದಿಲ್ಲ. ಅದಕ್ಕೆ ಅವನ ಉತ್ತರ: "ಸರ್, ಅದು ಅಲ್ಲಿಯ ಲೋಕಲ್ ರೂಲ್ಸು, ನಮ್ಮ ಕೈಲಿಲ್ಲ. ರಿಫಂಡ್ ಬರಲ್ಲ." ಬೋಟು ಹೊರಟಿತು. ನಾವು ಟ್ಯಾಕ್ಸಿ ಮಾಡಿ ರೂಮಿಗೆ ವಾಪಸ್ ಬಂದೆವು.

ಅವತ್ತು ರಾತ್ರಿ ಹೊಟ್ಟೆ ಬಿಗಿ ಹಿಡಿದ ಹಾಗಾಯಿತು. ಗಾಬರಿಯಲ್ಲಿ ಇನ್ಶೂರೆನ್ಸ್ ಕಾಗದ ತೆಗೆದೆ. ಹನ್ನೊಂದನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬಸುರು, ಹೆರಿಗೆ, ಗರ್ಭಪಾತ, ಅದಕ್ಕೆ ಸಂಬಂಧಪಟ್ಟ ಯಾವುದಕ್ಕೂ ದುಡ್ಡು ಕೊಡುವುದಿಲ್ಲ ಅಂತ. ಎಲ್ಲಾ ಕವರ್ ಅಂದಿದ್ದನಲ್ಲ? ದೇವರ ದಯೆ, ನೀರು ಕುಡಿದು ಎಡಮಗ್ಗುಲಿಗೆ ಮಲಗಿದ ಮೇಲೆ ಸರಿಹೋಯಿತು. ಊರಿಗೆ ಬಂದು ಡಾಕ್ಟರಿಗೆ ತೋರಿಸಿದಾಗ ಅವರು ಬೈದಿದ್ದು ಬೇರೆ ವಿಷಯಕ್ಕೆ. ಥೈಲ್ಯಾಂಡ್ ಅಂತ ಮೊದಲೇ ಹೇಳಿದ್ದರೆ ಝೀಕಾ ಬಗ್ಗೆ ಹೇಳುತ್ತಿದ್ದೆ, ಆ ಸೊಳ್ಳೆ ಕಾಯಿಲೆ ಬಸುರಿಗೆ ಬಂದರೆ ಮಗುವಿನ ಮಿದುಳಿಗೇ ಪೆಟ್ಟು ಅಂದರು. ಅದು ನನ್ನ ತಪ್ಪು. ಹೊರದೇಶ ಅಂದಿದ್ದೆ, ಯಾವ ದೇಶ ಅಂತ ಹೇಳಿರಲಿಲ್ಲ. ಮಂಗನ ಕಾಯಿಲೆಗೆ ಹೆದರಿ ಕಾಡಿನ ಕಡೆ ಕಾಲಿಡದ ಊರಿನವಳು ನಾನು, ಅಲ್ಲಿಯ ಸೊಳ್ಳೆ ಬಗ್ಗೆ ಒಂದು ಮಾತು ಕೇಳಲಿಲ್ಲ.

ಇಷ್ಟಾದ ಮೇಲೂ ಶ್ರೀಲಂಕಾಕ್ಕೆ ಹೊರಟಿರಾ ಅಂತ ಎಲ್ಲರೂ ಕೇಳುತ್ತಾರೆ. ಹೊರಟೆವು. ಇದನ್ನು ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ದುಡ್ಡು ಪೂರ್ತಿ ಕಟ್ಟಿಯಾಗಿತ್ತು. ಅವನು ಮನೆಗೇ ಬಂದು ಕೈ ಮುಗಿದ, "ಅಕ್ಕ ಅಂತ ತಿಳ್ಕೊಂಡು ಕ್ಷಮಿಸಿ" ಅಂದ. ಹೋಟೆಲ್ ಒಳ್ಳೇದು ಕೊಡ್ತೀನಿ, ಕಾರು ನಿಮಗೇ ಬಿಡ್ತೀನಿ ಅಂದ. ಆಮೇಲೆ ರೂಮ್ ಫುಲ್ ಅಂತ ತಾರೀಕು ಮುಂದೆ ಹಾಕಿದ, ಮಾರ್ಚ್ 4ಕ್ಕೆ. ಅಷ್ಟು ಹೊತ್ತಿಗೆ ನನಗೆ 29 ವಾರ ದಾಟುತ್ತಿತ್ತು. ಡಾಕ್ಟರ್ ಲೆಟರ್ ಬೇಕಾಗಬಹುದಾ ಅಂತ ಎರಡು ಸಲ ಮೆಸೇಜ್ ಮಾಡಿದೆ. ಎರಡೂ ಇನ್ನೂ ನನ್ನ ಮೊಬೈಲಲ್ಲಿವೆ. ಮೊದಲನೆಯದಕ್ಕೆ ಉತ್ತರ: "ಹೋದ ಸಲ ಕೇಳಿದ್ರಾ ಮೇಡಂ? ಇಲ್ಲ ಅಲ್ವಾ?" ಎರಡನೆಯದಕ್ಕೆ: "ಕೊಲಂಬೊ ಒಂದೂವರೆ ಗಂಟೆ ಅಷ್ಟೇ. ಕೇಳಿದ್ರೆ ಆರು ತಿಂಗಳು ಅನ್ನಿ."

ದೇವನಹಳ್ಳಿ ಕೌಂಟರಿನಲ್ಲಿ ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಮಗುವಿನ ವಯಸ್ಸಿನ ಬಗ್ಗೆಯೇ ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ. 29 ವಾರ ಅಂದೆ. ಫಿಟ್ ಟು ಫ್ಲೈ ಸರ್ಟಿಫಿಕೇಟ್ ಕೊಡಿ ಅಂದರು. ಇಲ್ಲ. ಅಲ್ಲಿಗೆ ಮುಗಿಯಿತು. ಅವರದೇನೂ ತಪ್ಪಿಲ್ಲ, 28 ವಾರ ದಾಟಿದರೆ ಡಾಕ್ಟರ್ ಸರ್ಟಿಫಿಕೇಟ್ ಕೇಳುವುದು ಹೆಚ್ಚಿನ ಏರ್‌ಲೈನ್‌ಗಳಲ್ಲಿ ಇರುವ ನಿಯಮ. ಒಂದೇ ಮಗು ಆದರೆ ಸಾಮಾನ್ಯವಾಗಿ 36 ವಾರದ ನಂತರ, ಅವಳಿ ಆದರೆ 32ರ ನಂತರ ಹತ್ತಿಸುವುದೇ ಇಲ್ಲ. ಮೊದಲೇ ಹೇಳಿದ್ದರೆ ನಮ್ಮ ಡಾಕ್ಟರ್ ಹತ್ತು ನಿಮಿಷದಲ್ಲಿ ನೋಡಿ ತೀರ್ಮಾನ ಮಾಡುತ್ತಿದ್ದರು. ಬೇಡ ಅಂದಿದ್ದರೆ ಮನೆಯಲ್ಲೇ ಇರುತ್ತಿದ್ದೆ. ಬ್ಯಾಗ್ ಎಳೆದುಕೊಂಡು ಮತ್ತೆ 300 ಕಿಲೋಮೀಟರ್ ವಾಪಸ್. ಅತ್ತೆ ಬಾಗಿಲು ತೆಗೆದವರು ಒಂದು ಮಾತೂ ಆಡಲಿಲ್ಲ. ಬಿಸಿ ನೀರು ಕಾಯಿಸಿ ಕೊಟ್ಟರು. ಬೈದಿದ್ದರೆ ವಾಸಿ ಇತ್ತು.

ರಿಫಂಡ್ ಕೇಳಿದ್ದಕ್ಕೆ ಅವನು: "ನಾನ್ ರಿಫಂಡಬಲ್ ಟಿಕೆಟ್ ಮೇಡಂ, ಒಂದು ರೂಪಾಯಿನೂ ಬರಲ್ಲ." ನಂಬಿದೆ. ಹೆರಿಗೆಯ ಗಡಿಬಿಡಿ, ಬಾಣಂತನ, ಮರೆತೇ ಬಿಟ್ಟಿದ್ದೆ. ಕಳೆದ ತಿಂಗಳು ನನ್ನ ತಮ್ಮ ಹೇಳಿದ, ಟಿಕೆಟ್ ಯಾವುದೇ ಆಗಲಿ, ಹತ್ತದಿದ್ದರೂ ಸರ್ಕಾರದ ತೆರಿಗೆ ಮತ್ತು ಏರ್‌ಪೋರ್ಟ್ ಫೀ ವಾಪಸ್ ಕೊಡಲೇಬೇಕು, ವಿಮಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ ಇದೆ ಅಂತ. ಏರ್‌ಲೈನ್‌ಗೆ ಮೇಲ್ ಹಾಕಿದೆ. ಎರಡೇ ದಿನಕ್ಕೆ ಉತ್ತರ ಬಂತು. ಇಬ್ಬರದೂ ಸೇರಿ 9,120 ರೂಪಾಯಿ ಮಾರ್ಚ್‌ನಲ್ಲೇ ಏಜೆಂಟ್ ಖಾತೆಗೆ ಹೋಗಿದೆ. ಮಾರ್ಚ್‌ನಲ್ಲೇ! ನಾನು ಒಂದು ರೂಪಾಯಿನೂ ಇಲ್ಲ ಅಂತ ನಂಬಿಕೊಂಡಿದ್ದಾಗ ಅವನ ಜೇಬಿನಲ್ಲಿತ್ತು.

ಈಗ ಮೊನ್ನೆಯ ವಿಷಯ. ನಮ್ಮಿಂದ ಟಿಸಿಎಸ್ ಅಂತ 9,450 ಹಿಡಿದಿದ್ದ. ಹೊರದೇಶದ ಪ್ಯಾಕೇಜಿಗೆ ಟಿಸಿಎಸ್ ಹಿಡಿಯಬೇಕು ಅನ್ನುವುದು ನಿಜ, ಆಗ 7 ಲಕ್ಷದೊಳಗೆ 5 ಪರ್ಸೆಂಟ್ ಇತ್ತು. ಆದರೆ ಅದು ನಮ್ಮ ಪ್ಯಾನ್ ನಂಬರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ದುಡ್ಡು. ರಿಟರ್ನ್ ಹಾಕುವಾಗ ನಮಗೆ ಲೆಕ್ಕಕ್ಕೆ ಸಿಗಬೇಕು. ರಿಟರ್ನ್ ತುಂಬಲು ಕೂತಾಗ 26ಎಎಸ್ (ನಮ್ಮ ಪ್ಯಾನ್‌ಗೆ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆ ಅನ್ನುವ ಇಲಾಖೆಯ ಪಟ್ಟಿ) ತೆಗೆದರೆ ಅವನ ಹೆಸರೇ ಇಲ್ಲ. ಕಟ್ಟಿಯೇ ಇಲ್ಲ. ಫೋನ್ ಮಾಡಿದರೆ "ನಮ್ಮ ಆಡಿಟರ್‌ನ ಕೇಳಿ ಮೇಡಂ". ಆಡಿಟರ್ ನಂಬರ್ ಕೊಡಿ ಅಂದರೆ ಫೋನ್ ಕಟ್.

ಹೋಗುವವರು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಏಜೆಂಟ್ ಬಾಯಿ ಮಾತು ಯಾವುದನ್ನೂ ನಂಬಬೇಡಿ. ಯಾವ ದೇಶ, ಎಷ್ಟನೇ ವಾರ ಅಂತ ಡಾಕ್ಟರಿಗೆ ಮೊದಲು ಹೇಳಿ. ಏರ್‌ಲೈನ್ ನಿಯಮ ಅವರ ವೆಬ್‌ಸೈಟಿನಲ್ಲೇ ಓದಿ, ಹೊರಡುವ ದಿನಕ್ಕೆ ಎಷ್ಟು ವಾರ, ವಾಪಸ್ ಬರುವ ದಿನಕ್ಕೆ ಎಷ್ಟು ಅಂತ ನೀವೇ ಎಣಿಸಿ. ಪಾಲಿಸಿಯಲ್ಲಿ ಬಸುರಿನ ಬಗ್ಗೆ ಏನು ಬರೆದಿದೆ ಅಂತ ದುಡ್ಡು ಕಟ್ಟುವ ಮುಂಚೆ ನೋಡಿ. ಹೋಟೆಲಿಗೆ, ಬೋಟಿನವರಿಗೆ ನೀವೇ ಒಂದು ಮೇಲ್ ಹಾಕಿ, ಬಸುರಿ ಬರುತ್ತಿದ್ದೇನೆ ಅಂತ. ನಾನು ಒಂದು ಮೇಲ್ ಹಾಕಿದ್ದರೆ ಆ ದಕ್ಕೆಯಲ್ಲಿ ಅಷ್ಟು ಜನರ ಮುಂದೆ ಹಾಗೆ ನಿಲ್ಲಬೇಕಾಗಿರಲಿಲ್ಲ. ಮೆಸೇಜ್ ಒಂದನ್ನೂ ಅಳಿಸಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕುತ್ತಿದ್ದೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ದೂರು ಹೋದ ಮಾರನೇ ದಿನವೇ ಅವನ ಫೋನ್ ಬಂತು. ಇಷ್ಟು ತಿಂಗಳಲ್ಲಿ ತಾನಾಗಿ ಮಾಡಿದ ಮೊದಲ ಫೋನ್. "ಅಕ್ಕ, ಆ 9,120 ಇವತ್ತೇ ಹಾಕ್ತೀನಿ. ಎಲ್ಲೂ ಬರೀಬೇಡಿ ಅಷ್ಟೇ."

ದುಡ್ಡು ಇನ್ನೂ ಬಂದಿಲ್ಲ. ಬಂದರೂ ಇದನ್ನು ತೆಗೆಯುವುದಿಲ್ಲ.