ಮಳೆಗಾಲ ದಾಟುವ ತೋಟಾ: ಅಟ್ಟ, ಕಪಾಟು, ಕಬ್ಬಿಣದ ಪೆಟ್ಟಿಗೆ, ಪ್ಲಾಸ್ಟಿಕ್ ಡಬ್ಬಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಕೋವಿ ಇಟ್ಟುಕೊಂಡ ಮನೆಗಳು ಬೇಕಷ್ಟಿವೆ. ಮಳೆ ಹಿಡಿಯುವ ಮೊದಲು ನಳಿಗೆ ಒರೆಸಿ ಎಣ್ಣೆ ಸವರುವುದನ್ನು ಯಾರೂ ಮರೆಯುವುದಿಲ್ಲ. ತೋಟಾ, ಅಂದರೆ ಕೋವಿಗೆ ತುಂಬುವ ಕಾಡತೂಸು, ಮಾತ್ರ ಡ್ರಾಯರಿನಲ್ಲೋ ಸೊಂಟಕ್ಕೆ ಕಟ್ಟುವ ಚರ್ಮದ ಪಟ್ಟಿಯಲ್ಲೋ ಬಿದ್ದಿರುತ್ತದೆ. ಇದು ನನಗೆ ಸರಿಕಾಣುವುದಿಲ್ಲ. ತೇವ ತಗುಲಿದ ತೋಟಾ ಹಾರದೇ ಹೋದರೆ ಒಂದು ನಿಮಿಷ ಕಾದು ತೆಗೆದರಾಯಿತು. ಅರ್ಧಂಬರ್ಧ ಹಾರಿದರೆ ಅಪಾಯ. ಮದ್ದು ಪೂರ್ತಿ ಉರಿಯದೆ, ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದು ಗೊತ್ತಾಗದೆ ಇನ್ನೊಂದು ಈಡು ಹೊಡೆದರೆ ನಳಿಗೆ ಸಿಡಿಯುತ್ತದೆ, ಎಡಗೈ ಇರುವುದು ಅಲ್ಲೇ. ಸದ್ದು ಎಂದಿನಂತಿರದೆ ಸಪ್ಪೆಯಾಗಿ ಬಂತೆಂದರೆ ಕೋವಿ ಖಾಲಿ ಮಾಡಿ ನಳಿಗೆಯೊಳಗೆ ನೋಡಲೇಬೇಕು.

ನಾನು ಒಂದೇ ಪೆಟ್ಟಿಗೆಯ ಹನ್ನೆರಡು ಬೋರಿನ ತೋಟಾಗಳನ್ನು ಹಂಚಿ, ಪ್ರತಿ ಕಡೆಯೂ ಬೀಗದೊಳಗೆ, ಜೊತೆಗೊಂದು ಪುಟ್ಟ ತೇವಾಂಶ ಮಾಪಕ ಇಟ್ಟು ಮಳೆಗಾಲ ಕಳೆಸಿ ನೋಡಿದೆ. ಕಾರವಾರದಲ್ಲಿರುವ ಭಾವನ ಮನೆಯಲ್ಲೂ ಇದೇ ಏರ್ಪಾಡು. ಅವರಿಗೂ ಲೈಸೆನ್ಸ್ ಇದೆ, ಅವರ ತೋಟಾ ಅವರದೇ.

ಮೊದಲು ಒಲೆಯ ಮೇಲಿನ ಅಟ್ಟ. ಹಿರಿಯರು ನಂಬಿದ ಜಾಗ ಇದು, ಒಣಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆಷಾಢದಲ್ಲೂ ಅಲ್ಲಿ ಮಾಪಕದ ಮುಳ್ಳು ಕೆಳಗೇ ಇತ್ತು. ಆದರೆ ಇಂದಿನ ತೋಟಾದ ಹೊಗೆಯಿಲ್ಲದ ಮದ್ದು ನೈಟ್ರೋಸೆಲ್ಯುಲೋಸಿನದು, ಬಿಸಿ ಹೆಚ್ಚಾದಷ್ಟೂ ಅದು ಬೇಗ ಹಳಸುತ್ತದೆ. ದಿನವೂ ಕಾದು ದಿನವೂ ಆರುವ ಜಾಗದಲ್ಲಿ ವರ್ಷಗಟ್ಟಲೆ ಇಡುವಂತಿಲ್ಲ. ಮೇಲಾಗಿ ಬೆಂಕಿಯ ನೆತ್ತಿಯ ಮೇಲೆ ತೋಟಾ ಇಡುವುದನ್ನು ನಾನಂತೂ ಒಪ್ಪಲಾರೆ.

ಚರ್ಮದ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹದ ಮಾಡಿದ ಚರ್ಮದಲ್ಲಿರುವ ಆಮ್ಲ ಹಿತ್ತಾಳೆಗೆ ತಾಗಿ ಹಸಿರು ಕಿಲುಬು ಕಟ್ಟುತ್ತದೆ. ಪಟ್ಟಿ ತೋಟ ಸುತ್ತಿ ಬರುವಷ್ಟು ಹೊತ್ತಿಗೆ ಸಾಕು.

ಉಕ್ಕಿನ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುವ ಪದ್ಧತಿ ನಮ್ಮಲ್ಲಿ ಬಹಳ. ಬೀಗಕ್ಕೆ ಕಪಾಟೇ ಸರಿ. ಆದರೆ ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಕರೆಂಟು ನಂಬುವಂತಿಲ್ಲ. ಬಲ್ಬು ಉರಿದಾಗ ಒಳಗಿನ ಗಾಳಿ ಹಿಗ್ಗಿ ಸಂದಿಯಿಂದ ಹೊರಹೋಗುತ್ತದೆ. ಕರೆಂಟು ಹೋಗಿ ತಣಿದಾಗ ಹೊರಗಿನ ಒದ್ದೆ ಗಾಳಿಯನ್ನು ಕಪಾಟು ಒಳಗೆಳೆದುಕೊಳ್ಳುತ್ತದೆ. ಮಾಪಕ ಹಗಲಿಗೊಂದು ರಾತ್ರಿಗೊಂದು ಲೆಕ್ಕ ತೋರಿಸುತ್ತಿತ್ತು. ಹಳೆಯ ಕಾಗದದ ಕವಚದ ತೋಟಾ ಇದ್ದವರಿಗೆ ಇದು ಆಗಿಬರುವುದಿಲ್ಲ: ಕಾಗದ ಉಬ್ಬಿದರೆ ನಳಿಗೆಗೆ ಹೋಗುವುದಿಲ್ಲ, ಹೋದರೂ ಹೊರಬರುವುದಿಲ್ಲ. ಪ್ಲಾಸ್ಟಿಕ್ ಕವಚ ಉಬ್ಬದು. ಆದರೆ ಅದಕ್ಕೂ ಬುಡದಲ್ಲಿ ಲೋಹ, ಮದ್ದಿಗೆ ಬೆಂಕಿ ಹತ್ತಿಸುವ ಕೇಪು ಇದ್ದೇ ಇವೆ.

ರಬ್ಬರ್ ಪಟ್ಟಿಯಿರುವ ಕಬ್ಬಿಣದ ಪೆಟ್ಟಿಗೆ, ಅಂದರೆ ಮಿಲಿಟರಿ ಮಾದರಿಯದು, ಶಿರಸಿಯಲ್ಲಿ ಚೆನ್ನಾಗಿಯೇ ನಡೆಯಿತು. ಕಾರವಾರದಲ್ಲಿ ಅದರ ಕೊಂಡಿ, ತಿರುಗಣೆಗಳಿಗೆ ಉಪ್ಪುಗಾಳಿ ತಾಗಿ ಬಣ್ಣ ಏಳತೊಡಗಿತು. ಉಪ್ಪು ಕೂತಲ್ಲಿ ತೇವ ಬಿಡುವುದಿಲ್ಲ. ಹಾಗಾಗಿ ಕಡಲ ಬದಿಯವರಿಗೆ ನನ್ನ ಆಯ್ಕೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ನಾಲ್ಕೂ ಕಡೆ ಕ್ಲಿಪ್ಪು, ಮುಚ್ಚಳದ ಸುತ್ತ ರಬ್ಬರ್. ಘಟ್ಟದ ಮೇಲೂ ಅದೇ ಸಾಕು. ತೋಟಾ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ, ಅದನ್ನು ಹಾಗೆಯೇ ಡಬ್ಬಿಯೊಳಗೆ ಇಡಿ. ಜೊತೆಗೆ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಹರಳು ತೇವ ಹೀರಿದಾಗ ಹಸಿರಿಗೆ ತಿರುಗುತ್ತದೆ. ಅದನ್ನು ಹೊರತೆಗೆದು, ತೋಟಾದಿಂದ ದೂರ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. 120 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ, ಹರಳು ಕೆಡುತ್ತದೆ.

ಇಲ್ಲೇ ಮುಖ್ಯ ಸಂಗತಿ. ಡಬ್ಬಿಯ ಗುಣಕ್ಕಿಂತ ಅದನ್ನು ಯಾವಾಗ ಮುಚ್ಚಿದಿರಿ ಎಂಬುದು ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಜೂನ್‌ನಲ್ಲಿ ಮುಚ್ಚಿದ ಡಬ್ಬಿ ಜೂನ್ ತಿಂಗಳ ತೇವವನ್ನೇ ಒಳಗೆ ಕಾಪಾಡುತ್ತದೆ. ಅಡಿಕೆ ಒಣಗುವ ಜನವರಿ, ಫೆಬ್ರವರಿಯ ಬಿಸಿಲಿನ ಮಧ್ಯಾಹ್ನ ಮುಚ್ಚಿ, ಮಳೆಗಾಲ ಮುಗಿಯುವ ತನಕ ತೆರೆಯಬಾರದು. ಹಂದಿ, ಮಂಗ ಬೆದರಿಸಲು ಮಳೆಗಾಲದಲ್ಲಿ ಬೇಕಾಗುವ ನಾಲ್ಕಾರು ತೋಟಾಗಳಿಗೆ ಬೇರೆಯೇ ಚಿಕ್ಕ ಡಬ್ಬಿ ಇರಲಿ. ಹೊರಗೆ ತಿರುಗಿಸಿ ತಂದದ್ದನ್ನು ದೊಡ್ಡ ಡಬ್ಬಿಗೆ ಮರಳಿ ಸೇರಿಸಬೇಡಿ. ಫ್ರಿಜ್ಜಿನ ಸಲಹೆ ಕೊಡುವವರಿದ್ದಾರೆ, ಕೇಳಬೇಡಿ: ಹೊರತೆಗೆದ ಕ್ಷಣ ಲೋಹದ ಮೇಲೆ ನೀರ ಹನಿ ಕೂರುತ್ತದೆ.

ಡಬ್ಬಿಗೆ ಬೀಗವಿಲ್ಲ. ಆದ್ದರಿಂದ ಡಬ್ಬಿ ಕಪಾಟಿನೊಳಗೆ, ಕಪಾಟಿಗೆ ಬೀಗ, ಕೋವಿ ಬೇರೊಂದು ಬೀಗದಲ್ಲಿ. ಎರಡರ ಬೀಗದಕೈಯೂ ಮಕ್ಕಳಿಗೆ ಸಿಗುವ ಮೊಳೆಗೆ ನೇತಾಡಬಾರದು. ಒಣಗಿಸುವ ಕೆಲಸ ಡಬ್ಬಿಯದು, ಕಾಯುವ ಕೆಲಸ ಕಪಾಟಿನದು. ಎರಡನ್ನೂ ಚೆನ್ನಾಗಿ ಮಾಡುವ ಒಂದೇ ವಸ್ತು ನನಗೆ ಸಿಕ್ಕಿಲ್ಲ.

ಕಪಾಟು ಎಲ್ಲಿರಬೇಕು? ಕೊಟ್ಟಿಗೆಯ ಗೋಡೆಗೆ ತಾಗಿದ ಕೋಣೆಯಲ್ಲಂತೂ ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆಯ ತೋಟಾ ಕವಚಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಗಂಜಲದಿಂದೇಳುವ ಅಮೋನಿಯ, ತೇವ, ಹಿತ್ತಾಳೆಯೊಳಗಿನ ಬಿಗಿತ ಮೂರೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ವಿವರಣೆ ಸಿಕ್ಕಿತು. ನಮ್ಮ ದನಗಳ ಗಂಜಲದಲ್ಲೂ ಅದೇ ಅಮೋನಿಯ. ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರ್ ಇರುವ ಕೋಣೆಯೂ ಬೇಡ.

ತೋಟಾಕ್ಕೆ ಎಣ್ಣೆ ಸವರಬೇಡಿ. ನಳಿಗೆಗೆ ಹಿತವಾದ ಎಣ್ಣೆಯೇ ಕೇಪಿನ ಸಂದಿಯಿಂದ ಇಳಿದು ಅದನ್ನು ಕೊಲ್ಲಬಹುದು. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಿಲುಬು ಆಳಕ್ಕೆ ತಿಂದದ್ದು, ಕವಚ ಉಬ್ಬಿದ್ದು, ಬಿರುಕು ಬಿಟ್ಟದ್ದು ಕಂಡರೆ ಬೇರೆ ತೆಗೆದಿಡಿ, ಹಾರಿಸಿ ಪರೀಕ್ಷೆ ಮಾಡಬೇಡಿ. ಬಾವಿಗೆ, ಒಲೆಗೆ, ಗೊಬ್ಬರಗುಂಡಿಗೆ ಎಸೆಯುವುದೂ ತಪ್ಪು. ಠಾಣೆಯಲ್ಲಿ ಕೇಳಿ, ಇಲ್ಲವೇ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಪ್ಪಿಸಿ, ಲೆಕ್ಕದಲ್ಲಿ ಬರೆಸಿ. ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಹಾರದ ತೋಟಾವನ್ನೂ ತಕ್ಷಣ ತೆಗೆಯಬೇಡಿ. ನಳಿಗೆಯನ್ನು ಜನರಿಲ್ಲದ ದಿಕ್ಕಿಗೇ ಹಿಡಿದು ಒಂದು ನಿಮಿಷ ಕಾಯಿರಿ; ಕೇಪು ತಡವಾಗಿ ಹತ್ತುವುದುಂಟು.