ವಿಂಟನ್ ಆಯಿಲ್ ಕಲರ್: ಮರ, ಆಕಾಶಕ್ಕೆ ಸಾಕಾ?

ಸಾಕು. ಆದರೆ ಸೆಟ್ ತಗೋಬೇಡಿ, ಬಿಡಿ ಟ್ಯೂಬ್ ತಗೊಳ್ಳಿ.

ವಿಂಟನ್ ಅಂದರೆ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಸ್ಟೂಡೆಂಟ್ ದರ್ಜೆಯ ಬಣ್ಣ, 37 ಮಿ.ಲೀ. ಟ್ಯೂಬ್. ಇದರಲ್ಲಿ ಕೋಬಾಲ್ಟ್, ಕ್ಯಾಡ್ಮಿಯಂನಂಥ ದುಬಾರಿ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಬದಲು ಅಗ್ಗದ್ದು ಹಾಕಿ, ಹೆಸರಿನ ಕೊನೆಗೆ 'ಹ್ಯೂ' ಅಂತ ಬರೆದಿರುತ್ತಾರೆ. ಅದನ್ನು ನೋಡಿ ತುಂಬಾ ಜನ ಹಿಂಜರಿಯುತ್ತಾರೆ. ಆದರೆ ಮರ, ಮಣ್ಣು, ಮೋಡಕ್ಕೆ ನಿಜವಾಗಿ ಬೇಕಾಗುವುದು ಅಲ್ಟ್ರಾಮರೀನ್ (ಗಾಢ ನೀಲಿ), ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬಿಳಿ. ಇವೆಲ್ಲ ಈಗ ಅಗ್ಗದ ಪಿಗ್ಮೆಂಟ್‌ಗಳೇ, ಅಲ್ವಾ? ಹಾಗಾಗಿ ಲ್ಯಾಂಡ್‌ಸ್ಕೇಪ್ ಮಾಡುವವರಿಗೆ ನಷ್ಟ ಕಡಿಮೆ.

ನನಗೆ ಇಷ್ಟವಾದದ್ದು ಇದರ ಗಟ್ಟಿತನ. ಬಣ್ಣ ಹಚ್ಚುವ ನೈಫಿನಲ್ಲಿ ಕಾಂಡ ಎಳೆದರೆ ಅಂಚು ಹಾಗೇ ನಿಲ್ಲುತ್ತದೆ. ಹಿಂದೆ ಬೇರೆ ಒಂದು ಅಗ್ಗದ ಸೆಟ್ ಬಳಸುತ್ತಿದ್ದೆ, ಮುಚ್ಚಳ ತೆಗೆದ ಕೂಡಲೇ ಬಣ್ಣಕ್ಕಿಂತ ಮೊದಲು ಎಣ್ಣೆ ಸುರಿಯುತ್ತಿತ್ತು, ಎಲೆಗೊಂಚಲು ಅಂತ ದಪ್ಪಗೆ ಹಚ್ಚಿದ್ದೆಲ್ಲ ಬೆಳಗಾಗುವಷ್ಟರಲ್ಲಿ ಚಪ್ಪಟೆಯಾಗಿ ಕೂತಿರುತ್ತಿತ್ತು.

ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿ ನೋಡಿ. ಸಿಯೆನ್ನಾ ಜಾಸ್ತಿಯಾದರೆ ಮಳೆಯಲ್ಲಿ ನೆನೆದ ಕಾಂಡದ ಕಪ್ಪು, ನೀಲಿ ಜಾಸ್ತಿ ಮಾಡಿ ಬಿಳಿ ಸೇರಿಸಿದರೆ ಮುಂಗಾರಿನ ಮೋಡ. ಕಪ್ಪು ಟ್ಯೂಬೇ ಬೇಡ. ಸ್ಯಾಪ್ ಗ್ರೀನ್ ಕೂಡ ಬೇಡ, ಎಲ್ಲ ಮರಕ್ಕೂ ಒಂದೇ ಹಸಿರು ಬಂದುಬಿಡುತ್ತದೆ. ಅಲ್ಟ್ರಾಮರೀನ್‌ಗೆ ಓಕರ್ ಸೇರಿಸಿದರೆ ಮಾವಿನ ಹಳೆಯ ಎಲೆಯ ಮಂದ ಹಸಿರು, ಲೆಮನ್ ಯೆಲ್ಲೋ ಸೇರಿಸಿದರೆ ಚಿಗುರು. ಥಾಲೋ ಬ್ಲೂ ಮಾತ್ರ ಸಾಸಿವೆ ಕಾಳಷ್ಟು ಸಾಕು, ಜಾಸ್ತಿಯಾದರೆ ಇಡೀ ಪ್ಯಾಲೆಟ್ ನುಂಗುತ್ತದೆ.

ಬಿಳಿ ಮಾತ್ರ 200 ಮಿ.ಲೀ. ತಗೊಳ್ಳಿ. ಆಕಾಶ ತಿನ್ನುವಷ್ಟು ಬಿಳಿಯನ್ನು ಬೇರೇನೂ ತಿನ್ನಲ್ಲ. ಮೊದಲು ಆಕಾಶವನ್ನು ತೆಳ್ಳಗೆ ಹಚ್ಚಿ, ಅದು ಹಸಿ ಇರುವಾಗಲೇ ಅದರ ಮೇಲೆ ದಪ್ಪ ಬಣ್ಣದಲ್ಲಿ ಮರ ಎಳೆಯಿರಿ. ಒಂದು ಗೀರು ಎಳೆದು ಬ್ರಶ್ ಒರೆಸಿಕೊಳ್ಳಿ, ಇಲ್ಲದಿದ್ದರೆ ಹಸಿರು ಹೋಗಿ ಬೂದಿ ಆಗುತ್ತದೆ. ಎಲೆಗಳ ಸಂದಿಯಲ್ಲಿ ಕಾಣುವ ಆಕಾಶವನ್ನು ಹೊರಗಿನ ಆಕಾಶಕ್ಕಿಂತ ಒಂಚೂರು ಗಾಢವಾಗಿ ಇಡಿ. ಹೊರಗಿನ ಅದೇ ತಿಳಿ ನೀಲಿ ಇಟ್ಟರೆ ಮರದ ಮೇಲೆ ಚುಕ್ಕಿ ಅಂಟಿಸಿದ ಹಾಗೆ ಕಾಣುತ್ತದೆ.

ಎಣ್ಣೆಬಣ್ಣದಲ್ಲಿ ನಮ್ಮ ಮರಗಳನ್ನು ಎಷ್ಟು ಧೈರ್ಯವಾಗಿ ಬರೆಯಬಹುದು ಅಂತ ನೋಡಬೇಕಿದ್ದರೆ ರುಮಾಲೆ ಚನ್ನಬಸವಯ್ಯನವರ ಚಿತ್ರ ನೋಡಿ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಅವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರೀತಿ ನೋಡಿದರೆ, ಸುಮ್ನೆ ಒಂದೊಂದೇ ಎಲೆ ಬರೆಯುತ್ತಾ ಕೂರುವುದು ಬೇಡ ಅನಿಸುತ್ತದೆ. ಅಂಥ ಬಣ್ಣ ಹಚ್ಚಬೇಕಾದರೆ ಟ್ಯೂಬ್ ಹಿಂಡುವಾಗ ಬೆಲೆ ನೆನಪಾಗಬಾರದು. ವಿಂಟನ್ ಕೊಳ್ಳಿ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಅದೇ.

ತೆಳ್ಳಗೆ ಹಚ್ಚಿದ್ದು 2ರಿಂದ 12 ದಿನದಲ್ಲಿ ಮುಟ್ಟುವಷ್ಟು ಒಣಗುತ್ತದೆ. ದಪ್ಪಗೆ ಹಚ್ಚಿದ್ದಕ್ಕೆ, ಅದರಲ್ಲೂ ಮಳೆಗಾಲದಲ್ಲಿ, ತುಂಬಾ ಜಾಸ್ತಿ ಸಮಯ ಬೇಕು. ಅವಸರ ಇದ್ದರೆ ಬಣ್ಣ ಬೇಗ ಒಣಗಿಸುವ ಲಿಕ್ವಿನ್ ಬೆರೆಸಿ, ಕಿಟಕಿ ಮಾತ್ರ ತೆಗೆದಿಡಿ. ವಾರ್ನಿಶ್‌ಗೆ ಕನಿಷ್ಠ 6 ತಿಂಗಳು ಕಾಯಿರಿ.