ಚರ್ಚಿನ ಬಲಿಪೀಠ ಮಾಡಿಕೊಡುವ ಮಂಗಳೂರಿನ ಕಾರ್ಯಾಗಾರ: ಕಲ್ಲಿನ ಕೆಲಸಕ್ಕೆ ಪೂರ್ಣ ಅಂಕ, ಪೆಟ್ಟಿಗೆಗೆ ಇಲ್ಲ

ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿ ಬದಿಯ ಈ ಕಾರ್ಯಾಗಾರದಲ್ಲಿ ಬಲಿಪೀಠ, ವಾಚನಪೀಠ, ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಪೆಟ್ಟಿಗೆ, ಜ್ಞಾನಸ್ನಾನದ ತೊಟ್ಟಿ, ನಂದಾದೀಪ ಎಲ್ಲವೂ ಒಂದೇ ಸೂರಿನಡಿ ಸಿದ್ಧವಾಗುತ್ತವೆ. ಒಂದು ಚಿಕ್ಕ ಕಥೋಲಿಕ ಪ್ರಾರ್ಥನಾಲಯಕ್ಕೆ ಅವರು ಮಾಡಿಕೊಟ್ಟ ಪೂರ್ತಿ ಸೆಟ್ಟು ಒಂದು ಮಳೆಗಾಲ ಕಂಡಾಗಿದೆ. ಈಗ ವಿಮರ್ಶೆ ಬರೆಯಬಹುದು.

ದ್ರಾಕ್ಷಿಬಳ್ಳಿ, ಗೋಧಿತೆನೆ, ಕುರಿಮರಿ ಕೆತ್ತಿಬಿಟ್ಟರೆ ಪವಿತ್ರ ಪೀಠೋಪಕರಣ ಆಯಿತು ಎಂದು ಹಲವರ ಎಣಿಕೆ. ಅರ್ಥ ಇರುವುದು ಮೊದಲು ವಸ್ತುವಿನಲ್ಲಿ, ಅಳತೆಯಲ್ಲಿ, ಅದನ್ನು ನೆಲಕ್ಕೋ ಗೋಡೆಗೋ ಹೇಗೆ ಕೂರಿಸಿದ್ದಾರೆ ಎಂಬುದರಲ್ಲಿ. ಕೆತ್ತನೆಯ ಸರದಿ ಆಮೇಲೆ.

ಬಲಿಪೀಠದ ವಿಷಯದಲ್ಲಿ ಇವರಿಗೆ ಈ ಮಾತು ಚೆನ್ನಾಗಿ ಗೊತ್ತಿದೆ. ಬಲಿಪೀಠವೆಂದರೆ ಕ್ರಿಸ್ತ. 'ಆ ಬಂಡೆ ಕ್ರಿಸ್ತನೇ' ಎಂದು ಸಂತ ಪೌಲ ಕೊರಿಂಥದವರಿಗೆ ಬರೆದ ಮಾತೇ ಇದಕ್ಕೆ ಆಧಾರ. ಪೂಜೆಯ ಆರಂಭದಲ್ಲಿ ಗುರುಗಳು ಪೀಠಕ್ಕೆ ಮುತ್ತಿಡುವುದೂ ಇದೇ ಕಾರಣಕ್ಕೆ. ಹಾಗಾಗಿ ಸ್ಥಿರ ಬಲಿಪೀಠದ ಮೇಲ್ಹಾಸು ನೈಸರ್ಗಿಕ ಕಲ್ಲಿನದಾಗಿರಬೇಕೆಂಬುದು ಧರ್ಮಸಭೆಯ ವಾಡಿಕೆ; ಗಟ್ಟಿಯಾದ, ಘನತೆಯುಳ್ಳ ಬೇರೆ ವಸ್ತುವಿಗೆ ಬಿಷಪರ ಮಂಡಳಿ ಅನುಮತಿ ಕೊಡಬಹುದು. ಇವರು ಬಳಸಿದ್ದು ಕಾರ್ಕಳದ ಕರಿಕಲ್ಲು: 6 ಅಡಿ ಉದ್ದ, 3 ಅಡಿ ಅಗಲ, 3 ಇಂಚು ದಪ್ಪದ ಒಂದೇ ಚಪ್ಪಡಿ. 2 ಸೆಂಟಿಮೀಟರಿನ ಗ್ರಾನೈಟಿಗೆ ಅಂಚುಪಟ್ಟಿ ಅಂಟಿಸಿ ದಪ್ಪ ತೋರಿಸುವ ಕೆಲಸವನ್ನು ಈ ಊರಿನ ಎಷ್ಟೋ ಕಡೆ ಮಾಡುತ್ತಾರೆ, ಇಲ್ಲಿ ಮಾಡಿಲ್ಲ. ಚಪ್ಪಡಿಯ ತೂಕವೇ ಸುಮಾರು 350 ಕಿಲೋ. ಆದ್ದರಿಂದ ಟೈಲ್ಸಿನ ಮೇಲೆ ನೇರ ಇಡದೆ, ಟೈಲ್ಸ್ ಕಿತ್ತು ಕೆಳಗೆ ಕಾಂಕ್ರೀಟು ಹಾಕಿಸಿಕೊಂಡ ಮೇಲೆಯೇ ಕೂರಿಸಿದರು. ಅಮೃತಶಿಲೆಯೇ ಬೇಕು ಎಂದು ಹಟ ಹಿಡಿಯುವವರಿಗೆ ಒಂದು ಮಾತು: ದ್ರಾಕ್ಷಾರಸದ ಒಂದು ಹನಿ ಬಿದ್ದರೆ ಅದರ ಹುಳಿ ಅಮೃತಶಿಲೆಯ ಹೊಳಪನ್ನು ತಿನ್ನುತ್ತದೆ, ಮತ್ತೆ ಉಜ್ಜಿಸದೆ ಆ ಕಲೆ ಹೋಗದು. ಗ್ರಾನೈಟಿಗೆ ಆ ಭಯವಿಲ್ಲ.

ಮೇಲ್ಮೈಯಲ್ಲಿ ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ನಾಲ್ಕು, ಹೀಗೆ ಐದು ಶಿಲುಬೆ ಕೊರೆದಿದ್ದಾರೆ. ಶಿಲುಬೆಯ ಮೇಲೆ ಕ್ರಿಸ್ತನಿಗಾದ ಐದು ಗಾಯಗಳ ಗುರುತು ಅದು. ಪ್ರತಿಷ್ಠಾಪನೆಯ ದಿನ ಬಿಷಪರು ಪವಿತ್ರ ತೈಲ ಸುರಿಯುವುದೂ ಇದೇ ಐದು ಕಡೆ. ಇಲ್ಲಿ ಕೊರೆತದ ಆಳ ಮೂರು ಮಿಲಿಮೀಟರ್ ಇರುವುದರಿಂದ ತೈಲ ಅಲ್ಲೇ ನಿಲ್ಲುತ್ತದೆ. ಬರೀ ಗೀರೆಳೆದಿದ್ದರೆ ನುಣುಪು ಕಲ್ಲಿನ ಮೇಲೆ ಅಂಚಿನವರೆಗೆ ಹರಿದುಬಿಡುತ್ತಿತ್ತು. ಪೀಠಕ್ಕೂ ಹಿಂಗೋಡೆಗೂ ನಡುವೆ ನಾಲ್ಕು ಅಡಿ ಬಿಟ್ಟಿದ್ದಾರೆ, ಧೂಪಾರತಿ ಹಿಡಿದು ಸುತ್ತು ಬರಲು ಅಷ್ಟಾದರೂ ಬೇಕು.

ಬಲಿಪೀಠದಲ್ಲಿ ಎಡವಿದ್ದು ಒಂದೇ ಕಡೆ. ಸಂತರ ಅವಶೇಷ ಇಡಲು ಮೇಲ್ಹಾಸಿನಲ್ಲೇ ಗುಳಿ ತೋಡುವ ಹಳೆಯ ನಕ್ಷೆಯನ್ನು ಮೊದಲು ತಂದಿದ್ದರು. ಈಗಿನ ವಿಧಿಯ ಪ್ರಕಾರ ಅವಶೇಷ ಮೇಲ್ಹಾಸಿನ ಮೇಲೂ ಅಲ್ಲ, ಒಳಗೂ ಅಲ್ಲ, ಪೀಠದ ಕೆಳಗೆ ಇರಬೇಕು. ಹೇಳಿದ ಮೇಲೆ ಕೆಳಗಂಬದಲ್ಲಿ ಗೂಡು ಮಾಡಿದರು.

ವಾಚನಪೀಠದ ಮರಗೆಲಸ ಅಚ್ಚುಕಟ್ಟು. ಹಲಸಿನ ಮರದ ಹಲಗೆಗಳನ್ನು ಚೌಕಟ್ಟಿನ ತೋಡಿನೊಳಗೆ ಅಂಟು ಹಾಕದೆ ಕೂರಿಸಿ, ಸುತ್ತ ಮೂರು ಮಿಲಿಮೀಟರ್ ಸಂದು ಬಿಟ್ಟಿದ್ದಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಆಷಾಢದಲ್ಲಿ ಮರ ಉಬ್ಬಿಯೇ ಉಬ್ಬುತ್ತದೆ. ಸಂದಿಲ್ಲದಿದ್ದರೆ ಚೌಕಟ್ಟಿನ ಮೂಲೆ ಸೀಳುತ್ತದೆ. ಆದರೆ ಬುಡಕ್ಕೆ ಚಕ್ರ ಹಾಕಿಕೊಟ್ಟದ್ದು ಯಾಕೆ? ದೇವರ ವಾಕ್ಯದ ಮೇಜು ಬಲಿಪೀಠದಷ್ಟೇ ನೆಲೆಯೂರಿ ನಿಲ್ಲಬೇಕು, ಸರಿಸಿ ಮೂಲೆಗಿಡುವ ಸ್ಟ್ಯಾಂಡಿನ ಹಾಗಲ್ಲ. ಚಕ್ರ ತೆಗೆಸಿ ನೆಲಕ್ಕೆ ಬೋಲ್ಟ್ ಹಾಕಿಸಿ. ಮುಂಭಾಗ ಟೊಳ್ಳಾದ್ದರಿಂದ ಮೈಕಿನ ದನಿ ಗುಂಯ್‌ಗುಡುತ್ತದೆ, ಒಳಗಡೆ ದಪ್ಪ ಫೆಲ್ಟ್ ಅಂಟಿಸಿದರೆ ನಿಲ್ಲುತ್ತದೆ. ಪುಸ್ತಕ ತಡೆಯುವ ಅಂಚುಪಟ್ಟಿ ಎರಡು ಸೆಂಟಿಮೀಟರ್ ಮಾತ್ರ ಇದೆ. ದಪ್ಪ ವಾಚನಗ್ರಂಥ ಜಾರದಿರಲು ನಾಲ್ಕಾದರೂ ಬೇಕು.

ಪರಮಪ್ರಸಾದದ ಪೆಟ್ಟಿಗೆಯಲ್ಲಿ ಇವರು ನಿರಾಶೆ ಮಾಡಿದ್ದಾರೆ. ಕ್ರಿಸ್ತನ ಸಾನ್ನಿಧ್ಯವನ್ನು ಕಾಪಿಡುವ ಪೆಟ್ಟಿಗೆ ಕದಲದಂತೆ, ಒಡೆಯಲಾಗದಂತೆ, ಪಾರದರ್ಶಕವಲ್ಲದಂತೆ, ಬೀಗ ಬೀಳುವಂತೆ ಇರಬೇಕು. ಇವರ ಸಿದ್ಧ ಮಾದರಿಯ ಬಾಗಿಲಲ್ಲಿ ಬಣ್ಣದ ಗಾಜಿನ ಕಿಂಡಿ ಇದೆ. ನೋಡಲು ಚೆಂದ, ನಿಯಮಕ್ಕೆ ವಿರುದ್ಧ. ಬೀಗವೂ ಮೇಜಿನ ಡ್ರಾಯರಿನದು. ಎಲ್ಲಕ್ಕಿಂತ ಅಪಾಯದ್ದು ಜೋಡಣೆ. ನಮ್ಮ ಗೋಡೆಗಳು ಕೆಂಪುಕಲ್ಲಿನವು. ಅದರ ತೂತುತೂತಿನ ಮೈಯಲ್ಲಿ ಒಳಗೆ ಹಿಗ್ಗಿ ಹಿಡಿಯುವ ಮಾಮೂಲಿ ಆ್ಯಂಕರ್ ಬೋಲ್ಟ್ ಬಿಗಿಯಾದಷ್ಟೂ ಕಲ್ಲು ಪುಡಿಯಾಗಿ ಸಡಿಲವಾಗುತ್ತದೆ. ರಾಸಾಯನಿಕ ಅಂಟಿನ ಆ್ಯಂಕರನ್ನೇ ಕೇಳಿ, ಇಲ್ಲವೇ ಗೋಡೆಯೊಳಗೆ ಕಾಂಕ್ರೀಟು ಗೂಡು ಮಾಡಿಸಿ. ಮಳೆ ಹೊಡೆಯುವ ಪಡುವಣ ಗೋಡೆಗೆ ತಾಗಿಸಿದರಂತೂ ತೇವ ಒಳಗಿಳಿದು ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ, ಹಿಂದೆ ಎರಡು ಇಂಚು ಗಾಳಿಸಂದು ಇರಲಿ. ಅಳತೆ ಕೊಡುವಾಗ ನಿಮ್ಮ ಪ್ರಸಾದಪಾತ್ರೆಯನ್ನು ಮುಚ್ಚಳದ ತುದಿಯ ಶಿಲುಬೆಯ ಸಮೇತ ಅಳೆಯಿರಿ. ಹೊಳಪಿಗೆಂದು ಚಿನ್ನದ ಲೇಪಕ್ಕೆ ಹುಣಸೆಹುಳಿ ತಿಕ್ಕಬೇಡಿ, ಲೇಪವೇ ಸವೆದುಹೋಗುತ್ತದೆ. ಉಗುರುಬೆಚ್ಚಗಿನ ನೀರು, ಮೆದು ಬಟ್ಟೆ ಸಾಕು.

ನಂದಾದೀಪಕ್ಕೆ ಎಲ್‌ಇಡಿ ಬಲ್ಬು ಕೊಡುತ್ತಾರೆ. ಎಣ್ಣೆಯೋ ಮೇಣವೋ ಉರಿಯಬೇಕೆಂಬುದು ರೂಢಿ: ಬೆಳಕು ಕೊಡುತ್ತಾ ತನ್ನನ್ನೇ ಸವೆಸಿಕೊಳ್ಳುವುದು ದೀಪದ ಅರ್ಥ, ಸ್ವಿಚ್ಚಿಗೆ ಅದಿಲ್ಲ. ಕೆಂಪು ಗಾಜು ಕಡ್ಡಾಯವೇನಲ್ಲ. ಕೇಳಿದವರಿಗೆ ತೆಂಗಿನೆಣ್ಣೆಯ ದೀಪವನ್ನೂ ಮಾಡಿಕೊಡುತ್ತಾರೆ, ಆದರೆ ಗಾಜಿನ ಬುಡದಲ್ಲಿ ಗಾಳಿತೂತು ಕಡಿಮೆ, ಹಾಗಾಗಿ ಮಸಿ ಕಟ್ಟುತ್ತದೆ. ತೂತು ದೊಡ್ಡದು ಮಾಡಿಸಿ, ಫ್ಯಾನಿನ ನೇರಕ್ಕೆ ತೂಗಬೇಡಿ.

ತೊಟ್ಟಿಯ ಬಗ್ಗೆ ದೂರಿಲ್ಲ. ಎಂಟು ಮೂಲೆ ಸರಿಯಾಗಿದೆ, ಪುನರುತ್ಥಾನದ ಎಂಟನೆಯ ದಿನದ ಸೂಚನೆ ಅದು. ಆಶೀರ್ವದಿಸಿದ ನೀರು ಚರಂಡಿಗೆ ಹೋಗದೆ ನೇರ ಮಣ್ಣಿಗಿಳಿಯುವಂತೆ ಕೊಳವೆಯನ್ನೂ ತಾವಾಗಿಯೇ ಇಟ್ಟಿದ್ದಾರೆ.

ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ 1834ರಲ್ಲಿ ಬಂದಿಳಿದ ಊರಿದು. ಹಾಗಾಗಿ ಪ್ರೊಟೆಸ್ಟೆಂಟ್ ಪರಂಪರೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳ ಆರ್ಡರೂ ಇಲ್ಲಿಗೆ ಬರುತ್ತದೆ. ಕರ್ತನ ಭೋಜನದ ಮೇಜಿಗೆ ಅವಶೇಷದ ಗೂಡು ಬೇಡ, ಅದು ಸರಳ ಮರದ ಮೇಜೇ ಎಂಬ ವ್ಯತ್ಯಾಸ ಇವರಿಗೆ ತಿಳಿದಿದೆ.

ಆರ್ಡರ್ ಕೊಡುವವರು ಕಲ್ಲು ಕತ್ತರಿಸುವ ಮೊದಲೇ ನಕ್ಷೆಯನ್ನು ಧರ್ಮಪ್ರಾಂತ್ಯದ (ಬಿಷಪರ) ಕಚೇರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಮುಂಗಡ ಅರ್ಧ ಕೇಳುತ್ತಾರೆ. ಬೀಗ, ಆ್ಯಂಕರು, ಚಪ್ಪಡಿಯ ದಪ್ಪ ಮೂರನ್ನೂ ರಸೀದಿಯಲ್ಲಿ ಬರೆಸಿಕೊಂಡೇ ಕೊಡಿ. ಮರದ ಸಾಮಾನನ್ನು ಜೂನ್‌ಗೆ ಮುಂಚೆ ತರಿಸಿಕೊಳ್ಳಿ.